ಅಂಕ

ಕವಾಗುಚಿ ನಗರಸಭೆ, ಮೂರನೆಯ ಮಹಡಿ, ಏಳನೆಯ ಕಿಟಕಿ.
ಹನ್ನೊಂದು ವರ್ಷದಿಂದ ಕುರೋಸು ಅಲ್ಲೇ ಕೂತು
ಊರಿನ ತಾಯ್ತಂದೆಯರಿಗೆ ಅಂಕ ಹಾಕುತ್ತಾನೆ.

ವಾರಕ್ಕೆ ಐದು ದಿನ ದುಡಿವ ತಂದೆಗೆ ಇಪ್ಪತ್ತು.
ಅಷ್ಟೇ ದುಡಿವ ತಾಯಿಗೂ ಇಪ್ಪತ್ತು, ಭೇದವಿಲ್ಲ.
ಅರವತ್ತೈದು ತುಂಬದ ಅಜ್ಜಿ ಅದೇ ಬೀದಿಯಲ್ಲಿದ್ದರೆ
ಕಳೆ ಎರಡು.
ಅಜ್ಜಿಗೆ ಮಂಡಿನೋವೆಂದು ವೈದ್ಯರ ಚೀಟಿ ತಂದರೆ
ಕಳೆದದ್ದನ್ನು ಮತ್ತೆ ಕೂಡು.
ಮೊತ್ತ ದೊಡ್ಡದಾದರೆ ಮಗುವಿಗೆ ಶಿಶುವಿಹಾರ.
ಇಲ್ಲದಿದ್ದರೆ ತೆಳ್ಳನೆಯ ಲಕೋಟೆ.
(ಲಕೋಟೆ ಕೈಗೆ ಬಂದಾಗಲೇ ಗೊತ್ತಾಗಿಬಿಡುತ್ತದೆ,
ಒಡೆಯಬೇಕೆಂದೇ ಇಲ್ಲ.)

ಒಬ್ಬಾಕೆ ಕೇಳಿದ್ದಳು:
ಅತ್ತೆಗೆ ಅರವತ್ತೈದು ತುಂಬುವುದು ಬರುವ ಮೇ ತಿಂಗಳಿಗೆ,
ಅಲ್ಲೀತನಕ ಮಗು ಹೊಟ್ಟೆಯಲ್ಲೇ ಇರಬೇಕಿತ್ತೇ?
ಕುರೋಸು ತಲೆಬಾಗಿಸಿದ.
ಆ ಪ್ರಶ್ನೆಗೆ ಅರ್ಜಿಯಲ್ಲಿ ಜಾಗವಿರಲಿಲ್ಲ.

ಆಮೇಲೆ ಅವನಿಗೇ ಮಗುವಾಯಿತು.
ಆರು ತಿಂಗಳ ರಜೆ ಕೇಳಿದ. ಆ ವಿಭಾಗದಲ್ಲಿ
ಗಂಡಸೊಬ್ಬ ಕೇಳಿದ್ದು ಅದೇ ಮೊದಲು.
ಮೇಲಧಿಕಾರಿ ಬಹಳ ಹೊತ್ತು ಚಹಾ ಊದಿದರು.
ಗೋಡೆಯ ಪೋಸ್ಟರಿನಲ್ಲಿ ಕೂಸು ಎತ್ತಿಕೊಂಡು ನಗುವ ಅಪ್ಪನನ್ನು ನೋಡಿ
‘ನಿಯಮ ಇದೆಯಲ್ಲ’ ಎಂದರು, ಅಪವಾದ ಹೊರಿಸುವವರ ಹಾಗೆ.
ಆ ಪೋಸ್ಟರು ಅಂಟಿಸಿದ್ದು ಕುರೋಸುವೇ.

ಹೆಂಡತಿ ಸಾವೋರಿ ಮರಳಿ ಕೆಲಸಕ್ಕೆ ಹೊರಟಳು,
ಕಂಡವರ ಬಾಯಿಗೆ ಹಲ್ಲು ಕಟ್ಟುವ ಪ್ರಯೋಗಾಲಯಕ್ಕೆ.
ಇವನು ಕಲಿತ: ಮಧ್ಯಾಹ್ನ ಎಷ್ಟು ಉದ್ದವೆಂದು,
ಅಕ್ಕಿಗಂಜಿ ಗೋಡೆಯ ಮೇಲೆ ಎಷ್ಟು ಗಟ್ಟಿಯಾಗುತ್ತದೆಂದು,
ಮಲಗಿಸಿದರೆ ಏಳುವ, ಎತ್ತಿಕೊಂಡರೆ ಮಲಗುವ ಒಂದು ಜೀವದ ಕೆಳಗೆ
ಉಚ್ಚೆ ತಡೆದುಕೊಂಡು ಒಂದೂವರೆ ಗಂಟೆ ಅಲುಗಾಡದೆ ಕೂರುವುದನ್ನು.

ನನ್ನ ನುಡಿಯಲ್ಲಿ ಅಂಕ ಎಂದರೆ ಮಡಿಲು ಕೂಡ.
ಅವನಿಗದು ಗೊತ್ತಿಲ್ಲ.
ತೊಡೆ ಜೋಮು ಹಿಡಿದದ್ದು ಗೊತ್ತು.

ಡಿಸೆಂಬರಿನ ಒಂದು ಬೆಳಿಗ್ಗೆ, ಚಮಚಕ್ಕೆ ಟಿಣ್ ಎಂದಿತು ಏನೋ.
ಕೆಳಗಿನ ವಸಡಿನಲ್ಲಿ ಅಕ್ಕಿನುಚ್ಚಿನಷ್ಟು ಬಿಳುಪು.
ಅವನು ಫೋನು ಮಾಡಲಿಲ್ಲ.
ಸಂಜೆ ಸಾವೋರಿಗೆ ಚಮಚ ಕೊಟ್ಟು, ‘ನೀನೇ ತಿನ್ನಿಸು’ ಎಂದ,
ಅವಳೇ ಮೊದಲು ಕಂಡಳು.
ಈವರೆಗೂ ಅವಳೇ ಮೊದಲು ಕಂಡವಳು.

ಫೆಬ್ರವರಿಯಲ್ಲಿ ದಪ್ಪ ಲಕೋಟೆ ಬಂತು.
ಇತ್ಸುಕಿಗೆ ಸೀಟು ಸಿಕ್ಕಿದೆ. ಮೊತ್ತ ನಲವತ್ತೊಂದು.
ಇಬ್ಬರ ದುಡಿಮೆಗೆ ನಲವತ್ತು,
ರಜೆ ಮುಗಿಸಿ ಕೆಲಸಕ್ಕೆ ಮರಳುವವರಿಗೆ ಇನ್ನೊಂದು.
ನಾಲ್ಕು ವರ್ಷದ ಹಿಂದೆ ಆ ಸಾಲಿನ ಕರಡು ಬರೆದು
ಸಭೆಯಲ್ಲಿ ಮೆಚ್ಚುಗೆ ಪಡೆದವನೂ ಇವನೇ.

ಏಪ್ರಿಲ್ ಎರಡು. ಹೆಗಲ ಮೇಲೆ ಒಣಗಿದ ಹಾಲಿನ ಕಲೆ ಹೊತ್ತು
ಏಳನೆಯ ಕಿಟಕಿಗೆ ಮರಳಿದ.
ಮೇಜಿನ ಮೇಲೆ ಉಳಿದವರ ಕಟ್ಟು.
ಎಲ್ಲಕ್ಕಿಂತ ಮೇಲೆ, ನಲವತ್ತು: ಹೊಸಾಕಾ ಕೊಹಾರು, ಹತ್ತು ತಿಂಗಳು.
ತಾಯಿ ಬುತ್ತಿ ಕಾರ್ಖಾನೆಯಲ್ಲಿ, ಮೂರು ಮೂರು ತಿಂಗಳ ಕರಾರು.
ಹೆರಿಗೆಯಾದ ಒಂಬತ್ತನೆಯ ವಾರಕ್ಕೆ ಅನ್ನದ ಮುಂದೆ ನಿಂತವಳು.
ಆಚೆ ರಜೆಯನ್ನು ಅವಳಿಗೆ ಯಾರೂ ಕೊಟ್ಟಿರಲಿಲ್ಲ,
ಆದ್ದರಿಂದ ಮರಳಲಿಲ್ಲ,
ಆದ್ದರಿಂದ ಆ ಒಂದು ಇಲ್ಲ.

ಲೆಕ್ಕ ಸರಿಯಿತ್ತು. ಮೂರು ಸಲ ಕೂಡಿದ.

ಹತ್ತೂಕಾಲಿಗೆ ಅವಳೇ ಬಂದಳು, ಎರಡನೆಯ ಸುತ್ತಿನ ಅರ್ಜಿಗೆ,
ಎದೆಗೆ ಕಟ್ಟಿದ ಕೂಸು, ಅಂಗಿಯಲ್ಲಿ ಹುರಿದ ಎಣ್ಣೆಯ ವಾಸನೆ.
‘ಸೆಪ್ಟೆಂಬರಿನಲ್ಲಿ ನೀವಿದ್ದಿರಿ’ ಎಂದಳು. ‘ಆಮೇಲೆ ಕಾಣಲಿಲ್ಲ,
ಹುಷಾರಿರಲಿಲ್ಲವೇ?’

ರಜೆಯಲ್ಲಿದ್ದೆ, ಎಂದ.
ಅದು ಬಾಯಿಂದ ಹೊರಬರಲು
ಮಧ್ಯಾಹ್ನದಷ್ಟು ಹೊತ್ತು ಹಿಡಿಯಿತು.

ಕೊಹಾರು ಕೈಚಾಚಿ ಅವನ ಪೆನ್ನು ಕಿತ್ತುಕೊಂಡಳು,
ಬಾಯಿಗಿಟ್ಟುಕೊಂಡಳು. ಅವಳಿಗೂ ಹಲ್ಲು ಬರುತ್ತಿತ್ತು.
ಅವನು ಕೇಳಿ ಪಡೆಯಲಿಲ್ಲ.
ಡ್ರಾಯರಿನಲ್ಲಿ ಪೆನ್ಸಿಲು ಹುಡುಕಿ
ನಿಯಮದ ಪುಸ್ತಕ ತೆರೆದು, ತನ್ನದೇ ಸಾಲಿನ ಅಂಚಿನಲ್ಲಿ
ಸಣ್ಣಗೆ ಬರೆದ: ರಜೆಯೇ ಸಿಗದವರಿಗೆ?

ಹಿಂದಿನ ಮೇಜಿನಲ್ಲಿ ಯಾರೋ ಚಹಾ ಊದುತ್ತಿದ್ದರು.